ಮನಸ್ಸಿನ ಮಾತಿಗೆ ಕಿವಿಗೊಡುವ ವಿದ್ಯೆ: ಫ್ರಾಯ್ಡ್‌ನ ಕೊಠಡಿಯಿಂದ ಸಿರಿಯ ಆಲಡೆಯವರೆಗೆ

ಉಡುಪಿ: ಕೋಟ ಎಂದೊಡನೆ ಕರಾವಳಿಯ ಓದುಗರಿಗೆ ನೆನಪಾಗುವುದು ಅಲ್ಲಿ ಹುಟ್ಟಿದ ಶಿವರಾಮ ಕಾರಂತರು ಮತ್ತು ಅಮೃತೇಶ್ವರಿ ಮೇಳ. ಆದರೆ ಮನೋವೈದ್ಯರ ಒಂದು ಪೀಳಿಗೆಗೆ ಈ ಊರು ಬೇರೊಂದು ಕಾರಣದಿಂದ ಪರಿಚಿತ. 1976ರಲ್ಲಿ ಲಂಡನ್ನಿನ ಹೋಗಾರ್ತ್ ಪ್ರೆಸ್ ‘ದ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕವನ್ನು ಹೊರತಂದಿತು. ಸ್ಕಾಟ್ಲೆಂಡಿನ ಮನೋವೈದ್ಯ ಮಾರಿಸ್ ಕಾರ್‌ಸ್ಟೇರ್ಸ್ ಹಾಗೂ ಭಾರತದ ಮನೋವೈದ್ಯ ಆರ್.ಎಲ್. ಕಪೂರ್ ಜತೆಗೂಡಿ ಬರೆದ ಈ ಪುಸ್ತಕ, ಕೋಟದ ಬ್ರಾಹ್ಮಣ, ಬಂಟ ಮತ್ತು ಮೊಗವೀರ ಕುಟುಂಬಗಳಲ್ಲಿ ಮನಸ್ಸಿನ ಬೇನೆ ಎಷ್ಟಿದೆ, ಅದು ಯಾರನ್ನು ಕಾಡುತ್ತದೆ, ಬೇನೆ ಬಂದಾಗ ಜನ ಯಾರಲ್ಲಿಗೆ ಹೋಗುತ್ತಾರೆ ಎಂಬುದನ್ನು ವಿಚಾರಿಸುತ್ತದೆ. ಸಿಗ್ಮಂಡ್ ಫ್ರಾಯ್ಡ್‌ನ ಬರಹಗಳನ್ನು 24 ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದ ಪ್ರಕಾಶನ ಸಂಸ್ಥೆಯೂ ಇದೇ ಎಂಬುದು ಗಮನಾರ್ಹ.

ವಿಯೆನ್ನಾದಲ್ಲಿ ಹುಟ್ಟಿದ ಮನೋವಿಶ್ಲೇಷಣೆ ಎಂಬ ವಿದ್ಯೆಗೂ ಕರಾವಳಿಗೂ ಎಲ್ಲಿಯ ನಂಟು ಎಂದು ಕೇಳುವವರಿದ್ದಾರೆ. ನಂಟು ಇದೆ, ತಕರಾರೂ ಇದೆ. ಇಂದು ಮಣಿಪಾಲದ ಆಸ್ಪತ್ರೆಯಲ್ಲಿ ‘ಕೌನ್ಸೆಲಿಂಗ್’ ಎಂದು ಕರೆಯಲಾಗುವ ಮಾತುಕತೆಯ ಚಿಕಿತ್ಸೆಯ ಬೇರುಗಳು ಹೆಚ್ಚಿನವು ಈ ವಿದ್ಯೆಯಿಂದಲೇ ಬಂದವು. ಅದೇ ವೇಳೆ, ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ, ಕಾಪು ಸಮೀಪದ ಪಾಂಗಾಳದಲ್ಲಿ, ಹಿರಿಯಡ್ಕದಲ್ಲಿ ವರ್ಷಕ್ಕೊಮ್ಮೆ ನಡೆಯುವ ಸಿರಿ ಜಾತ್ರೆಯೂ ನೊಂದ ಮನಸ್ಸಿನಿಂದ ಮಾತು ಹೊರಡಿಸುವ ಒಂದು ಕ್ರಮವೇ ಆಗಿದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ.

ಮಾತೇ ಮದ್ದು

1880ರಿಂದ 1882ರವರೆಗೆ ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ ಒಬ್ಬ ಯುವತಿಗೆ ಚಿಕಿತ್ಸೆ ನೀಡಿದ. ಕಾಯಿಲೆ ಬಿದ್ದ ತಂದೆಯ ಶುಶ್ರೂಷೆ ಮಾಡುತ್ತಿದ್ದ ಆಕೆಗೆ ಕೈ ಮರಗಟ್ಟುತ್ತಿತ್ತು, ದೃಷ್ಟಿ ಮಂಜಾಗುತ್ತಿತ್ತು, ಕೆಲವೊಮ್ಮೆ ತಾಯ್ನುಡಿ ಜರ್ಮನ್ ಮರೆತು ಇಂಗ್ಲಿಷ್ ಮಾತ್ರ ಬಾಯಿಗೆ ಬರುತ್ತಿತ್ತು. ದೇಹದಲ್ಲಿ ಕಾರಣ ಸಿಗಲಿಲ್ಲ. ಆದರೆ ಪ್ರತಿ ಲಕ್ಷಣ ಮೊದಲು ಕಾಣಿಸಿಕೊಂಡ ಸಂದರ್ಭವನ್ನು ಆಕೆ ನೆನೆದು ಹೇಳಿಕೊಂಡಾಗ ಆ ಲಕ್ಷಣ ಇಳಿಯುತ್ತಿತ್ತು ಎಂದು ಬ್ರಾಯರ್ ದಾಖಲಿಸಿದ. ಈ ಕ್ರಮಕ್ಕೆ ‘ಮಾತಿನ ಚಿಕಿತ್ಸೆ’ ಎಂದು ಹೆಸರಿಟ್ಟವಳು ವೈದ್ಯನಲ್ಲ, ರೋಗಿಯೇ. ತಮಾಷೆಗೆ ಅದನ್ನು ‘ಹೊಗೆಕೊಳವೆ ಗುಡಿಸುವುದು’ ಎಂದೂ ಆಕೆ ಕರೆದಿದ್ದಳು. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ ಪ್ರಕಟಿಸಿದ ಗ್ರಂಥದಲ್ಲಿ ಆಕೆಗೆ ಅನ್ನಾ ಓ. ಎಂಬ ಮರೆಹೆಸರಿದೆ. ನಿಜಹೆಸರು ಬರ್ತಾ ಪಾಪೆನ್‌ಹೈಮ್. ಪುಸ್ತಕದಲ್ಲಿರುವಷ್ಟು ಸಲೀಸಾಗಿ ಆಕೆ ಗುಣಮುಖಳಾಗಿರಲಿಲ್ಲ, ಬಳಿಕವೂ ಆರೋಗ್ಯಧಾಮಗಳಲ್ಲಿ ಇರಬೇಕಾಯಿತು ಎಂಬುದು ಸಂಶೋಧಕರು ಮುಂದೆ ಹೊರಗೆಡಹಿದ ಸಂಗತಿ. ಆದರೂ ಅದೇ ಮಹಿಳೆ ಮುಂದೆ ಹೆಸರಾಂತ ಸಮಾಜಸೇವಕಿಯಾಗಿ, ಹೆಣ್ಣುಮಕ್ಕಳ ಮಾರಾಟದ ವಿರುದ್ಧ ಹೋರಾಡಿದರು.

ಫ್ರಾಯ್ಡ್ ಈ ಅನುಭವದಿಂದ ಒಂದು ಸಿದ್ಧಾಂತವನ್ನೇ ಕಟ್ಟಿದ. ಮನಸ್ಸಿನಲ್ಲಿ ನಡೆಯುವುದೆಲ್ಲ ನಮಗೆ ತಿಳಿದಿರುವುದಿಲ್ಲ. ಒಪ್ಪಿಕೊಳ್ಳಲಾಗದ ಆಸೆ, ಸಿಟ್ಟು, ಭಯಗಳನ್ನು ನಾವು ನಮಗರಿಯದಂತೆ ಒಳಕ್ಕೆ ತಳ್ಳುತ್ತೇವೆ. ಅದೇ ದಮನ. ತಳ್ಳಲ್ಪಟ್ಟದ್ದು ಸಾಯುವುದಿಲ್ಲ. ಕನಸಾಗಿ, ಬಾಯ್ತಪ್ಪಿದ ಮಾತಾಗಿ, ಕಾರಣವಿಲ್ಲದ ಎದೆನೋವಾಗಿ ವೇಷ ಬದಲಿಸಿ ಮರಳುತ್ತದೆ. ಆ ವೇಷವನ್ನು ಬಿಡಿಸಿ ಓದಲು ಫ್ರಾಯ್ಡ್ ಕಂಡುಕೊಂಡ ಉಪಾಯ ಬಹಳ ಸರಳವಾದದ್ದು: ರೋಗಿ ಮಲಗಿಕೊಂಡು, ಮನಸ್ಸಿಗೆ ಬಂದದ್ದನ್ನು, ಅದು ಅಸಂಬದ್ಧವಾಗಿರಲಿ, ನಾಚಿಕೆಯದ್ದಾಗಿರಲಿ, ತಡೆಯದೆ ಹೇಳುತ್ತಾ ಹೋಗಬೇಕು. ವೈದ್ಯ ಉಪದೇಶಿಸದೆ ಕೇಳಬೇಕು. ಎಲ್ಲಿ ಮಾತು ತಡವರಿಸುತ್ತದೆಯೋ ಅಲ್ಲಿ ಏನೋ ಇದೆ ಎಂದು ತಿಳಿಯಬೇಕು.

ನಮ್ಮ ಜಿಲ್ಲೆಯಲ್ಲಿ ಈ ವಿಚಾರ ತೀರಾ ಅಪರಿಚಿತವೇನಲ್ಲ. ಮನಸ್ಸಿನ ಕಿರಿಕಿರಿಗೆ ಇಲ್ಲಿಯವರು ಬಳಸುವ ಶಬ್ದಗಳೇ ದೇಹದವು. ಕನ್ನಡದಲ್ಲಿ ‘ತಲೆಬಿಸಿ’, ತುಳುವಿನಲ್ಲಿ ‘ಮಂಡೆಬೆಚ್ಚ’. ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಗಂಡ ಗಲ್ಫ್‌ನಲ್ಲಿರುವ, ಅತ್ತೆಯೊಡನೆ ಕಾರ್ಕಳದ ಹಳ್ಳಿಯೊಂದರಲ್ಲಿ ಬದುಕುವ ಗೃಹಿಣಿಗೆ ಎದೆ ಭಾರ. ಇಸಿಜಿ ಸರಿಯಿದೆ. ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ಕೊಡುತ್ತಾರೆ. ಎರಡು ವಾರದ ಬಳಿಕ ಮತ್ತೆ ಎದೆ ಭಾರ. ಗಂಡ ರಜೆಗೆ ಬಂದು ಹೊರಡುವ ತಿಂಗಳುಗಳಲ್ಲೇ ಅದು ಹೆಚ್ಚಾಗುತ್ತದೆ ಎಂಬುದನ್ನು ಯಾರೂ ಲೆಕ್ಕ ಹಾಕಿಲ್ಲ, ಆಕೆಯೂ ಹಾಕಿಲ್ಲ. ಮನೋವಿಶ್ಲೇಷಕ ಆ ಲೆಕ್ಕ ಹಾಕುತ್ತಾನೆ. ಆದರೆ ಉತ್ತರವನ್ನು ತಾನೇ ಹೇಳಿಬಿಡುವುದಿಲ್ಲ, ಆಕೆಯ ಬಾಯಿಂದಲೇ ಬರಲು ಕಾಯುತ್ತಾನೆ.

‘ಅಹಂ’ ಎಂಬ ಅನುವಾದದ ತೊಡಕು

ಫ್ರಾಯ್ಡ್ ಎಂದರೆ ‘ಇಡ್, ಈಗೋ, ಸೂಪರ್ ಈಗೋ’ ಎಂಬುದು ಬಿ.ಎ. ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಉರುಹೊಡೆದ ತ್ರಿಪದಿ. ಕನ್ನಡದ ಪಠ್ಯಗಳಲ್ಲಿ ‘ಈಗೋ’ ಎಂಬುದು ‘ಅಹಂ’ ಆಯಿತು. ಇಲ್ಲಿಯೇ ದಾರಿ ತಪ್ಪಿತು. ಕನ್ನಡಿಗನ ಕಿವಿಗೆ ‘ಅಹಂ’ ಎಂದರೆ ಸೊಕ್ಕು. ‘ಅವನಿಗೆ ಈಗೋ ಜಾಸ್ತಿ’ ಎಂದು ಇಂದು ಕಾಲೇಜು ಹುಡುಗರೂ ಹೇಳುತ್ತಾರೆ. ಫ್ರಾಯ್ಡ್‌ನ ಅರ್ಥ ಅದಲ್ಲ. ಆತ 1923ರಲ್ಲಿ ಬಳಸಿದ ಜರ್ಮನ್ ಪದಗಳು ಅಡುಗೆಮನೆಯ ಮಾತಿನಷ್ಟು ಸಾದಾ: ‘ಅದು’, ‘ನಾನು’, ‘ಮೇಲಿನ ನಾನು’. ಅವಕ್ಕೆ ಲ್ಯಾಟಿನ್ ಉಡುಪು ತೊಡಿಸಿದವರು ಇಂಗ್ಲಿಷಿನ ಅನುವಾದಕರು.

ಸಾದಾ ಪದಗಳಲ್ಲಿ ನೋಡಿದರೆ ವಿಚಾರವೂ ಸಾದಾ. ‘ಏನೋ ಗೊತ್ತಿಲ್ಲ, ಸಿಟ್ಟು ಬಂದುಬಿಟ್ಟಿತು’ ಎನ್ನುವಾಗ ಬಂದುಬಿಡುವ ಆ ಸಂಗತಿಯೇ ‘ಅದು’. ‘ಛೆ, ಹಿರಿಯರ ಎದುರು ಹಾಗೆ ಹೇಳಬಾರದಿತ್ತು’ ಎಂದು ಒಳಗಿನಿಂದ ಗದರುವುದು ‘ಮೇಲಿನ ನಾನು’. ಇವೆರಡರ ನಡುವೆ, ಹೊರಲೋಕದ ಬೇಡಿಕೆಯನ್ನೂ ಹೊತ್ತು, ದಿನ ದೂಡುವ ಬಡಪಾಯಿಯೇ ‘ನಾನು’. ಚಿಕಿತ್ಸೆಯ ಗುರಿ ಈ ‘ನಾನು’ವನ್ನು ಕರಗಿಸುವುದಲ್ಲ, ಅದಕ್ಕೆ ಸ್ವಲ್ಪ ಬಲ ತುಂಬುವುದು. ಅಹಂಕಾರವನ್ನು ಅಳಿಸಬೇಕೆಂದು ಬೋಧಿಸುವ ನಮ್ಮ ಅಧ್ಯಾತ್ಮ ಪರಂಪರೆಗೂ ಫ್ರಾಯ್ಡ್‌ಗೂ ಜಗಳವಿದೆ ಎಂದು ಭಾಷಣಗಳಲ್ಲಿ ಹೇಳುವುದುಂಟು. ಆ ಜಗಳದ ಅರ್ಧ ಭಾಗ ಅನುವಾದದಿಂದ ಹುಟ್ಟಿದ್ದು.

ಫ್ರಾಯ್ಡ್‌ನ ಶಿಷ್ಯರು ಒಬ್ಬೊಬ್ಬರಾಗಿ ಬೇರೆಯಾದರು. ಆಡ್ಲರ್ ಕೊಟ್ಟ ಕಲ್ಪನೆ ‘ಕೀಳರಿಮೆ’ಯಾಗಿ ಕನ್ನಡದ ಮನೆಮಾತೇ ಆಗಿಬಿಟ್ಟಿದೆ. ಯೂಂಗ್ ಪುರಾಣಗಳತ್ತ ತಿರುಗಿದ. ಅಮೆರಿಕದ ಕೋಹಟ್ 1970ರ ದಶಕದಲ್ಲಿ ‘ಸ್ವ’ವನ್ನೇ ಕೇಂದ್ರವಾಗಿಟ್ಟು, ತಾನು ಯಾರಿಗಾದರೂ ಬೇಕಾದವನು ಎಂಬ ಭಾವ ಎಳವೆಯಲ್ಲಿ ಸಿಗದಿದ್ದರೆ ಏನಾಗುತ್ತದೆ ಎಂದು ಬರೆದ. ನಮ್ಮ ಊರಿನ ಓದುಗರಿಗೆ ಹೆಚ್ಚು ಹತ್ತಿರವಾಗಬಲ್ಲವನು ಬ್ರಿಟಿಷ್ ಮಕ್ಕಳ ವೈದ್ಯ ವಿನಿಕಾಟ್. ದೊಡ್ಡವರ ಮರ್ಜಿಗೆ ತಕ್ಕಂತೆ ನಡೆದುಕೊಳ್ಳಲು ತೀರಾ ಬೇಗ ಕಲಿತ ಮಗು ಒಂದು ‘ಹುಸಿ ಸ್ವ’ವನ್ನು ಬೆಳೆಸಿಕೊಳ್ಳುತ್ತದೆ, ಅದರ ಹಿಂದೆ ನಿಜವಾದ ಸ್ವ ಅಡಗಿ ಕೂರುತ್ತದೆ ಎಂದಾತ ಹೇಳಿದ. ಎಲ್ಲರ ಬಾಯಲ್ಲೂ ‘ಎಷ್ಟು ಒಳ್ಳೆಯ ಸೊಸೆ’ ಎನಿಸಿಕೊಂಡು, ಒಂದು ದಿನ ಇದ್ದಕ್ಕಿದ್ದಂತೆ ಹಾಸಿಗೆ ಬಿಟ್ಟೇಳದ ಹೆಣ್ಣುಮಕ್ಕಳನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಕಲ್ಕತ್ತೆಯ ಭಿನ್ನಮತ

ಮನೋವಿಶ್ಲೇಷಣೆ ಭಾರತಕ್ಕೆ ತಡವಾಗಿ ಬಂದದ್ದಲ್ಲ. ಕಲ್ಕತ್ತೆಯ ವೈದ್ಯ ಗಿರೀಂದ್ರಶೇಖರ ಬೋಸ್ 1921ರಲ್ಲಿ ದಮನದ ಕುರಿತು ಬರೆದ ತಮ್ಮ ಗ್ರಂಥವನ್ನು ಫ್ರಾಯ್ಡ್‌ಗೆ ಕಳುಹಿಸಿದರು. 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಸ್ಥಾಪನೆಯಾಯಿತು. ಇಬ್ಬರೂ ಪರಸ್ಪರ ಭೇಟಿಯಾಗಲೇ ಇಲ್ಲ, ಪತ್ರವ್ಯವಹಾರ ಮಾತ್ರ ವರ್ಷಗಟ್ಟಲೆ ನಡೆಯಿತು. ಫ್ರಾಯ್ಡ್‌ನ 75ನೆಯ ಹುಟ್ಟುಹಬ್ಬಕ್ಕೆ, 1931ರಲ್ಲಿ, ಕಲ್ಕತ್ತೆಯವರು ದಂತದ ವಿಷ್ಣು ಮೂರ್ತಿಯನ್ನು ಕಳುಹಿಸಿಕೊಟ್ಟರು. ಆತ ಅದನ್ನು ತನ್ನ ಮೇಜಿನ ಮೇಲಿಟ್ಟುಕೊಂಡ.

ಬೋಸ್ ಹೌದಪ್ಪ ಎನ್ನುವ ಶಿಷ್ಯರಾಗಿರಲಿಲ್ಲ. ತಂದೆಯ ಶಿಕ್ಷೆಯ ಭಯವೇ ಗಂಡುಮಗುವಿನ ಮನಸ್ಸನ್ನು ರೂಪಿಸುತ್ತದೆ ಎಂಬ ಫ್ರಾಯ್ಡ್‌ನ ವಾದ ತಮ್ಮ ಭಾರತೀಯ ರೋಗಿಗಳಿಗೆ ಹಾಗೆಯೇ ಹೊಂದುವುದಿಲ್ಲ, ಇಲ್ಲಿನ ಗಂಡಸರಲ್ಲಿ ಹೆಣ್ಣಾಗುವ ಬಯಕೆ ಹೆಚ್ಚು ಸುಲಭವಾಗಿ ಮೇಲಕ್ಕೆ ಬರುತ್ತದೆ ಎಂದು ಅವರು 1929ರಲ್ಲಿ ಬರೆದು ತಿಳಿಸಿದರು. ಗಂಡಸರ ಸ್ತ್ರೀವೇಷವನ್ನು ರಾತ್ರಿಯಿಡೀ ಕುಳಿತು ಮೆಚ್ಚುವ ಯಕ್ಷಗಾನದ ನಾಡಿನವರಿಗೆ ಇದು ಅಷ್ಟೊಂದು ವಿಚಿತ್ರವೆನಿಸಲಾರದು.

ಮಾವನ ಮನೆಯಲ್ಲಿ ಈಡಿಪಸ್

ಫ್ರಾಯ್ಡ್‌ನ ಅತಿ ಪ್ರಸಿದ್ಧ ಹಾಗೂ ಅತಿ ವಿವಾದಿತ ಕಲ್ಪನೆ ಈಡಿಪಸ್ ಸಂಕೀರ್ಣ: ಎಳೆಯ ಗಂಡುಮಗು ತಾಯಿಯನ್ನು ತನ್ನವಳೆಂದು ಬಯಸಿ, ತಂದೆಯನ್ನು ಎದುರಾಳಿಯಾಗಿ ಕಂಡು, ಭಯಪಟ್ಟು, ಕೊನೆಗೆ ತಂದೆಯಂತಾಗಲು ಹೊರಡುತ್ತದೆ. ಈ ಸಿದ್ಧಾಂತದಲ್ಲಿ ಮನೆಯ ಯಜಮಾನ, ತಾಯಿಯ ಸಂಗಾತಿ, ಶಿಕ್ಷಿಸುವವ ಈ ಮೂವರೂ ಒಬ್ಬನೇ. ಆದರೆ ತುಳುನಾಡಿನಲ್ಲಿ?

ಬಂಟರು, ಮೊಗವೀರರು, ಬಿಲ್ಲವರು ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿಯಿದ್ದ ಕಾಲಕ್ಕೆ ಆಸ್ತಿ, ಅಧಿಕಾರ, ಗದರಿಕೆ ಎಲ್ಲವೂ ಸೋದರಮಾವನದು, ತುಳುವಿನ ‘ತಮ್ಮಲೆ’ಯದು. ತಂದೆ ಬೇರೆ ಕುಟುಂಬದವನು. ಮಕ್ಕಳಿಗೆ ಆತ ಪ್ರೀತಿಯ ಅತಿಥಿಯಂತಿದ್ದ. ಪೋಲೆಂಡ್ ಮೂಲದ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಶಾಂತಸಾಗರದ ಟ್ರೊಬ್ರಿಯಂಡ್ ದ್ವೀಪಗಳ ಮಾತೃಮೂಲ ಸಮಾಜವನ್ನು ಕಂಡು, ಅಲ್ಲಿ ಹುಡುಗನ ಒಳಗಿನ ಹಗೆ ತಂದೆಯ ಮೇಲಲ್ಲ, ಸೋದರಮಾವನ ಮೇಲೆ ಎಂದು 1927ರ ಗ್ರಂಥದಲ್ಲಿ ವಾದಿಸಿದ. ಫ್ರಾಯ್ಡ್‌ನ ಆಪ್ತ ಅರ್ನೆಸ್ಟ್ ಜೋನ್ಸ್ ಇದನ್ನು ಒಪ್ಪಲಿಲ್ಲ. ಆ ಚರ್ಚೆಗೆ ಬೇಕಾದ ಪುರಾವೆಗಳು ನಮ್ಮ ಗುತ್ತು ಬರ್ಕೆಗಳ ಚಾವಡಿಗಳಲ್ಲೇ ಇದ್ದವು.

ಅಳಿಯಸಂತಾನದ ಮೂಲವನ್ನು ಹೇಳುವ ಭೂತಾಳ ಪಾಂಡ್ಯನ ಐತಿಹ್ಯವನ್ನೇ ನೋಡಿ. ಹಡಗುಗಳು ಹೊರಡಬೇಕಾದರೆ ದೇವ ಪಾಂಡ್ಯನ ಮಗನೊಬ್ಬ ಬಲಿಯಾಗಬೇಕೆಂದು ಕುಂಡೋದರ ಕೇಳುತ್ತಾನೆ. ಹೆಂಡತಿ ಒಪ್ಪುವುದಿಲ್ಲ. ತಂಗಿ ಸತ್ಯವತಿ ತನ್ನ ಮಗನನ್ನು ಕೊಡಲು ಮುಂದಾಗುತ್ತಾಳೆ. ಬಲಿಯಾಗದೆ ಉಳಿದ ಆ ಅಳಿಯನೇ ರಾಜ್ಯ ಪಡೆಯುತ್ತಾನೆ. ಇಲ್ಲಿ ಮಗ ತಂದೆಯನ್ನು ಕೊಲ್ಲುವುದಿಲ್ಲ. ಹಿರಿಯರ ಹಡಗಿಗಾಗಿ ಕಿರಿಯನ ಕತ್ತು ಮುಂದಕ್ಕೆ ಬರುತ್ತದೆ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅವರು ಭಾರತದ ಈಡಿಪಸ್ ಕುರಿತ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಗುರುತಿಸಿದ್ದೂ ಇದೇ ದಿಕ್ಕನ್ನು. ಗ್ರೀಕ್ ಕಥೆಯಲ್ಲಿ ಮಗ ತಂದೆಯ ಮೇಲೆ ಕೈಯೆತ್ತಿದರೆ, ನಮ್ಮಲ್ಲಿ ಯಯಾತಿ ಪೂರುವಿನ ಯೌವನವನ್ನು ಪಡೆಯುತ್ತಾನೆ, ಶಂತನುವಿಗಾಗಿ ಭೀಷ್ಮ ಬ್ರಹ್ಮಚರ್ಯ ಹೊರುತ್ತಾನೆ, ಶಿವ ಗಣಪತಿಯ ತಲೆ ಕಡಿಯುತ್ತಾನೆ. ರಾಮಾನುಜನ್ ಅವರು ಉತ್ತರ ಕರ್ನಾಟಕದಲ್ಲಿ ಸಂಗ್ರಹಿಸಿದ ಒಂದು ಕಥೆಯಲ್ಲಿ, ಮಗನನ್ನೇ ಮದುವೆಯಾಗುವ ವಿಧಿ ಹೊತ್ತ ಹೆಣ್ಣು ಅದನ್ನು ತಪ್ಪಿಸಲು ಓಡುತ್ತಾಳೆ, ತಪ್ಪಿಸಲಾಗುವುದಿಲ್ಲ. ಕಥೆ ಹೇಳುವವಳು ಹೆಣ್ಣು, ಆದ್ದರಿಂದ ಅದು ತಾಯಿಯ ಕಡೆಯಿಂದ ಕಂಡ ದುರಂತ. ಮನೋವಿಶ್ಲೇಷಣೆಯನ್ನು ತಳ್ಳಿಹಾಕದೆ, ಹಾಗೆಯೇ ನುಂಗದೆ, ಊರಿನ ಕಥೆಯೊಡನೆ ತಿಕ್ಕಿ ನೋಡುವ ಈ ಕ್ರಮ ಅನುಕರಣೀಯ.

ಕೋಟದ ಮನೆಮನೆಗಳಲ್ಲಿ

ಕಾರ್‌ಸ್ಟೇರ್ಸ್ ಭಾರತದಲ್ಲೇ ಹುಟ್ಟಿ ಬೆಳೆದವರು, ಮಿಷನರಿ ಕುಟುಂಬದವರು. 1957ರಲ್ಲಿ ಪ್ರಕಟವಾದ ಅವರ ‘ದ ಟ್ವೈಸ್ ಬಾರ್ನ್’ ರಾಜಸ್ತಾನದ ಒಂದು ಊರಿನ ಮೇಲ್ಜಾತಿ ಗಂಡಸರ ಮನಸ್ಸನ್ನು ಮನೋವಿಶ್ಲೇಷಣೆಯ ಕಣ್ಣಿನಿಂದ ನೋಡಿತ್ತು. ಆ ಪುಸ್ತಕ ಹೆಸರನ್ನೂ ತಂದಿತು, ಟೀಕೆಯನ್ನೂ ತಂದಿತು. ಕೆಲವೇ ಜನರ ಮಾತು ಕೇಳಿ ಇಡೀ ಸಮುದಾಯದ ಬಾಲ್ಯದ ಬಗ್ಗೆ ತೀರ್ಪು ಕೊಡಬಹುದೇ ಎಂಬುದು ಟೀಕೆಯ ಸಾರ. ಕೋಟಕ್ಕೆ ಬಂದಾಗ ವಿಧಾನವೇ ಬದಲಾಗಿತ್ತು. ಒಬ್ಬೊಬ್ಬನ ಕನಸಿನ ಅರ್ಥ ಹುಡುಕುವ ಬದಲು, ಸ್ಥಳೀಯರಿಗೆ ಅರ್ಥವಾಗುವ ಪ್ರಶ್ನಾವಳಿ ರೂಪಿಸಿ ಮನೆಮನೆಗೆ ಹೋಗಲಾಯಿತು. ಭಾರತೀಯ ರೋಗಿಗಳಿಗೆಂದೇ ಸಿದ್ಧಪಡಿಸಿದ, 1974ರಲ್ಲಿ ಪ್ರಕಟವಾದ ಸಂದರ್ಶನ ಸೂಚಿಯಲ್ಲಿ ಆರ್.ಎಲ್. ಕಪೂರ್, ಮಾಲವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಈ ಮೂವರ ಹೆಸರಿದೆ.

ಆ ಹೊತ್ತಿಗೆ ಅಳಿಯಸಂತಾನ ಕಟ್ಟು ಸಡಿಲಗೊಳ್ಳುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಿತ್ತು. ತಮ್ಮಲೆಯ ಮನೆಯಿಂದ ತಂದೆಯ ಮನೆಗೆ ಕುಟುಂಬದ ಭಾರಕೇಂದ್ರ ಸರಿಯುವ ಈ ಬದಲಾವಣೆ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದು ಕೋಟದ ಅಧ್ಯಯನದ ಮುಖ್ಯ ಪ್ರಶ್ನೆಗಳಲ್ಲಿ ಒಂದಾಗಿತ್ತು.

ಸ್ಥಳೀಯ ಓದುಗರು ತಿಳಿಯಬೇಕಾದ ಇನ್ನೊಂದು ಭಾಗ ಚಿಕಿತ್ಸಕರ ಕುರಿತಾದದ್ದು. ಕಪೂರ್ ಅವರು 1979ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಊರಿನ ಮೂರು ಬಗೆಯ ಚಿಕಿತ್ಸಕರನ್ನು ವಿವರಿಸಿದರು: ಮದ್ದು ಕೊಡುವ ವೈದ್ಯ, ಯಂತ್ರ ಕಟ್ಟುವ ಮಂತ್ರವಾದಿ, ಮೈಮೇಲೆ ದೈವ ಬಂದು ನುಡಿಯುವ ಪಾತ್ರಿ. ಜನ ಇವರಲ್ಲಿಗೂ ಹೋಗುತ್ತಿದ್ದರು, ಇಂಗ್ಲಿಷ್ ಮದ್ದಿನ ಡಾಕ್ಟರಲ್ಲಿಗೂ ಹೋಗುತ್ತಿದ್ದರು. ಎರಡರ ನಡುವೆ ವಿರೋಧವಿದೆ ಎಂದು ಅವರಿಗೆ ಅನ್ನಿಸಿರಲೇ ಇಲ್ಲ. ವಿರೋಧ ಕಂಡವರು ನಗರದ ವಿದ್ಯಾವಂತರು. ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾದ ಕಪೂರ್ ಅವರ ಕುತೂಹಲ ಅಲ್ಲಿಗೇ ನಿಲ್ಲಲಿಲ್ಲ. ಸನ್ಯಾಸಿಗಳ ಬದುಕನ್ನು ಹತ್ತಿರದಿಂದ ಕಂಡು ಅವರು ಬರೆದ ಪುಸ್ತಕ, ಅವರ ನಿಧನಾನಂತರ, 2009ರಲ್ಲಿ ಬೆಳಕು ಕಂಡಿತು.

ಆಲಡೆಯ ಅಂಗಳದಲ್ಲಿ

ಮುದ್ದಣ ಕವಿಯ ಊರು ನಂದಳಿಕೆ. ಅಲ್ಲಿಯ ಸಿರಿ ಜಾತ್ರೆಯ ಹುಣ್ಣಿಮೆಯ ರಾತ್ರಿ ಬಿಳಿ ಸೀರೆಯುಟ್ಟು, ಕೈಯಲ್ಲಿ ಹಿಂಗಾರ ಹಿಡಿದ ಹೆಂಗಸರು ಸಾಲಾಗಿ ನಿಲ್ಲುತ್ತಾರೆ. ಮೈದುಂಬಿದಾಗ ಅವರು ಸಿರಿ, ಸೊನ್ನೆ, ಗಿಂಡೆ, ಅಬ್ಬಗ, ದಾರಗರಾಗಿ ನುಡಿಯುತ್ತಾರೆ. ಗಂಡಸರಲ್ಲಿ ಕುಮಾರನ ಪಾತ್ರ ವಹಿಸಿದವನು ಅವರನ್ನು ಮಾತನಾಡಿಸುತ್ತಾನೆ.

ಸಿರಿ ಪಾಡ್ದನದ ಕಥೆ ಕರಾವಳಿಗರಿಗೆ ಗೊತ್ತಿದ್ದದ್ದೇ. ಸತ್ಯನಾಪುರದ ಅಜ್ಜನ ಮನೆಯಲ್ಲಿ ಬೆಳೆದ ಸಿರಿ ಬಸ್ರೂರಿನ ಕಾಂತು ಪೂಂಜನನ್ನು ಮದುವೆಯಾಗುತ್ತಾಳೆ. ಸೀಮಂತಕ್ಕೆ ತಂದ ಸೀರೆಯನ್ನು ಗಂಡ ಮೊದಲು ಸೂಳೆ ಸಿದ್ದುವಿನ ಮನೆಗೆ ಒಯ್ದಿದ್ದನೆಂದು ತಿಳಿದು ಅದನ್ನು ನಿರಾಕರಿಸುತ್ತಾಳೆ. ಅಜ್ಜನ ಮನೆಯ ಹಕ್ಕಿಗಾಗಿ ಗಂಡಸರ ಸಭೆಯ ಮುಂದೆ ನ್ಯಾಯ ಕೇಳುತ್ತಾಳೆ, ನ್ಯಾಯ ಸಿಗುವುದಿಲ್ಲ. ಗಂಡನ ಸಂಬಂಧವನ್ನು ಹರಿದುಕೊಂಡು ಕೂಸನ್ನೆತ್ತಿಕೊಂಡು ಹೊರಡುತ್ತಾಳೆ. ಅವಳ ಮೊಮ್ಮಕ್ಕಳಾದ ಅವಳಿ ಅಬ್ಬಗ ದಾರಗರು ಚೆನ್ನೆಮಣೆ ಆಡುತ್ತಾ ಜಗಳವಾಡಿ, ಒಬ್ಬಳು ಇನ್ನೊಬ್ಬಳನ್ನು ಅದೇ ಮಣೆಯಿಂದ ಹೊಡೆದು ಕೊಂದು, ತಾನೂ ಬಾವಿಗೆ ಹಾರುತ್ತಾಳೆ. ಅವಮಾನ, ಆಸ್ತಿ, ಅಸೂಯೆ, ಸೋದರಿಯ ಮೇಲಿನ ಸಿಟ್ಟು, ಮನೆಯೊಳಗೆ ಹೆಣ್ಣು ಬಾಯಿಬಿಡಬಾರದೆಂದು ಹೇಳಿರುವ ಎಲ್ಲವೂ ಈ ಒಂದು ಕಥೆಯಲ್ಲಿದೆ. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಪಾಠ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಸಂಗಡಿಗರಿಂದ 1998ರಲ್ಲಿ ಪ್ರಕಟವಾದಾಗ ಅದು 15,683 ಸಾಲುಗಳಷ್ಟಿತ್ತು.

ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ 1975 ಮತ್ತು 1979ರ ಲೇಖನಗಳಲ್ಲಿ ಈ ಆಚರಣೆಯನ್ನು ವಿಶ್ಲೇಷಿಸಿದರು. ಅವರು ಎಳೆದ ಒಂದು ಗೆರೆ ಇಂದಿಗೂ ಉಪಯುಕ್ತ. ಬೇಡದೆ, ಹೇಳದೆ, ಕಷ್ಟವಾಗಿ ಮೈಮೇಲೆ ಬರುವುದು ಒಂದು. ನಿಗದಿತ ದಿನ, ನಿಗದಿತ ಜಾಗದಲ್ಲಿ, ಎಲ್ಲರ ಒಪ್ಪಿಗೆಯಿಂದ ಬರುವುದು ಇನ್ನೊಂದು. ಮನೆಯಲ್ಲಿ ಸುಮ್ಮನೆ ಬೀಳುವ, ಊಟ ಬಿಟ್ಟ, ಮಾತು ನಿಂತ ಹೆಣ್ಣನ್ನು ಆಲಡೆಗೆ ಕರೆತಂದಾಗ ಕುಮಾರ ಮತ್ತು ಹಿರಿಯ ಸಿರಿಗಳು ‘ನೀನು ಯಾರು’ ಎಂದು ಕೇಳುತ್ತಾ ಹೋಗುತ್ತಾರೆ. ಆಕೆ ಹೆಸರು ಹೇಳುವ ತನಕ ಬಿಡುವುದಿಲ್ಲ. ಹೆಸರು ಹೊರಟಾಗ ಆಕೆ ಒಂಟಿ ರೋಗಿಯಲ್ಲ, ಒಂದು ದೊಡ್ಡ ಕಥೆಯೊಳಗಿನ ಸೋದರಿ. ಮುಂದಿನ ವರ್ಷ ತನ್ನ ಸಾಲಿಗೆ ತಾನೇ ಬಂದು ನಿಲ್ಲುತ್ತಾಳೆ.

ಮನೋವಿಶ್ಲೇಷಣೆಗೆ ಇದು ಹತ್ತಿರವೂ ಹೌದು, ದೂರವೂ ಹೌದು. ಎರಡೂ ಕಡೆ ಕೇಳುವವರಿದ್ದಾರೆ, ಎರಡೂ ಕಡೆ ಸೋಗಿನ ಹಿಂದಿನ ಮಾತು ಹೊರಬರಬೇಕು. ಆದರೆ ವಿಶ್ಲೇಷಕ ಅವಳ ಸ್ವಂತ, ಬೇರೆ ಯಾರದೂ ಅಲ್ಲದ ಕಥೆಯನ್ನು ಹುಡುಕುತ್ತಾನೆ, ಆಲಡೆ ಅವಳಿಗೆ ಎಲ್ಲರ ಕಥೆಯನ್ನು ಕೊಡುತ್ತದೆ. ಮನೋವಿಶ್ಲೇಷಕ ಸುಧೀರ್ ಕಕ್ಕರ್ ಅವರು 1982ರ ತಮ್ಮ ಗ್ರಂಥದಲ್ಲಿ ಭಾರತದ ಸಾಂಪ್ರದಾಯಿಕ ಚಿಕಿತ್ಸಕರ ಕುರಿತು ಹೇಳಿದ್ದೂ ಸ್ಥೂಲವಾಗಿ ಇದನ್ನೇ: ಪಶ್ಚಿಮದ ವಿಧಾನ ವ್ಯಕ್ತಿಯನ್ನು ತನ್ನೊಳಕ್ಕೆ ನೋಡಲು ಹಚ್ಚಿದರೆ, ನಮ್ಮದು ಕಡಿದುಹೋದ ಸಂಬಂಧಗಳನ್ನು ಕೂಡಿಸಲು ನೋಡುತ್ತದೆ.

ಆಚರಣೆಯನ್ನು ಹೊಗಳಿ ನಿಲ್ಲಿಸಿದರೆ ಅರ್ಧಸತ್ಯವಾಗುತ್ತದೆ. ವರ್ಷಕ್ಕೊಂದು ರಾತ್ರಿ ಸಿರಿಯಾಗಿ ಸಿಟ್ಟು ಕಾರಿದವಳು ಮರುದಿನ ಅದೇ ಅಡುಗೆಮನೆಗೆ, ಅದೇ ಕುಡುಕ ಗಂಡನ ಬಳಿಗೆ ಮರಳಬೇಕು. ಗಂಡನಿಗೆ ಯಾವ ಪ್ರಶ್ನೆಯೂ ಇಲ್ಲ. ಜತೆಗೆ, ಎಲ್ಲ ಲಕ್ಷಣಗಳೂ ಸಿರಿಯವಲ್ಲ. ಅಪಸ್ಮಾರ, ಸ್ಕಿಜೋಫ್ರೇನಿಯ, ಬೈಪೋಲಾರ್ ಕಾಯಿಲೆಗಳಿಗೆ ಔಷಧ ಬೇಕು. ಮಂತ್ರವಾದಿಯ ಮನೆ ಸುತ್ತಿ ಕಳೆದ ವರ್ಷಗಳು ಮರಳಿ ಸಿಗುವುದಿಲ್ಲ. ಇದೇ ಕಾಯಿಲೆಗಳಿಗೆ ಸೋಫಾದ ಮೇಲೆ ಮಲಗಿಸಿ ಬಾಲ್ಯ ಕೆದಕುವುದೂ ಮದ್ದಲ್ಲ ಎಂಬುದನ್ನು ಫ್ರಾಯ್ಡ್‌ನ ಅಭಿಮಾನಿಗಳು ಒಪ್ಪಿಕೊಳ್ಳಬೇಕು.

ಹಾಗಾದರೆ ಕಾಯಿಲೆ ಎಲ್ಲಿ, ನಂಬಿಕೆ ಎಲ್ಲಿ? 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿ ಇದಕ್ಕೆ ಒಂದು ಅಳತೆ ಕೊಡುತ್ತದೆ. ಮೈಮೇಲೆ ಬರುವುದು ಸಮುದಾಯ ಒಪ್ಪಿದ ಧಾರ್ಮಿಕ, ಸಾಂಸ್ಕೃತಿಕ ಆಚರಣೆಯ ಭಾಗವಾಗಿದ್ದರೆ ಅದನ್ನು ಕಾಯಿಲೆ ಎನ್ನುವಂತಿಲ್ಲ. ಆಚರಣೆಯ ಹೊರಗೆ, ಬೇಡದಿದ್ದರೂ ಬಂದು, ಸಂಕಟ ಕೊಟ್ಟು, ದಿನಬಳಕೆಯ ಬದುಕನ್ನು ಕೆಡಿಸಿದರೆ ಚಿಕಿತ್ಸೆಯ ಯೋಚನೆ ಮಾಡಬೇಕು. ಕ್ಲಾಸ್ ತುಳು ಪಾಡ್ದನಗಳಿಂದ ಕಲಿತ ಗೆರೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಇಂದು ಸಿಗುವ ಚಿಕಿತ್ಸೆ

ವಾರಕ್ಕೆ ನಾಲ್ಕೈದು ಬಾರಿ, ಐವತ್ತು ನಿಮಿಷಗಳಂತೆ, ವರ್ಷಗಟ್ಟಲೆ ನಡೆಯುವ ಸಾಂಪ್ರದಾಯಿಕ ಮನೋವಿಶ್ಲೇಷಣೆ ಕೋಲ್ಕತಾ, ಮುಂಬಯಿ, ದೆಹಲಿಯಂಥ ನಗರಗಳಾಚೆ ಅಪರೂಪ. ಅಷ್ಟು ಹಣ, ಅಷ್ಟು ಬಿಡುವು ಎಷ್ಟು ಜನರಿಗಿದೆ? ವಿಜ್ಞಾನದ ದೃಷ್ಟಿಯಿಂದಲೂ ಅದರ ಮೇಲೆ ಆಕ್ಷೇಪಗಳಿವೆ. ಯಾವ ಉತ್ತರ ಬಂದರೂ ಸಿದ್ಧಾಂತ ಗೆಲ್ಲುವಂತಿದ್ದರೆ ಅದನ್ನು ಪರೀಕ್ಷಿಸುವುದು ಹೇಗೆ ಎಂದು ತತ್ವಜ್ಞಾನಿ ಕಾರ್ಲ್ ಪಾಪರ್ ಕೇಳಿದ್ದು ಇಂದಿಗೂ ನಿಂತಿರುವ ಪ್ರಶ್ನೆ. ಹೆಣ್ಣಿನ ಮನಸ್ಸಿನ ಬಗ್ಗೆ ಫ್ರಾಯ್ಡ್ ಬರೆದ ಬಹಳಷ್ಟನ್ನು ಇಂದು ಯಾರೂ ಸಮರ್ಥಿಸುವುದಿಲ್ಲ. ಆದರೆ ಅದರಿಂದ ಕವಲೊಡೆದ, ವಾರಕ್ಕೊಮ್ಮೆ ಕೆಲವು ತಿಂಗಳು ನಡೆಯುವ ಮನೋಗತಿ ಚಿಕಿತ್ಸೆಗಳು ಖಿನ್ನತೆ, ಆತಂಕಗಳಲ್ಲಿ ಪ್ರಯೋಜನಕಾರಿ ಎಂಬುದಕ್ಕೆ ಅಧ್ಯಯನಗಳ ಬೆಂಬಲವಿದೆ. 2010ರಲ್ಲಿ ಜೊನಾಥನ್ ಶೆಡ್ಲರ್ ಬರೆದ ವಿಮರ್ಶಾ ಲೇಖನ ಇದಕ್ಕೆ ಹೆಸರಾದದ್ದು. ಇಂದು ಹೆಚ್ಚು ಬಳಕೆಯಲ್ಲಿರುವ ಅರಿವು ವರ್ತನಾ ಚಿಕಿತ್ಸೆಯ ಹರಿಕಾರ ಆರನ್ ಬೆಕ್ ಕೂಡ ಮೂಲತಃ ಮನೋವಿಶ್ಲೇಷಣೆಯಲ್ಲಿ ತರಬೇತಾದವರೇ.

ಚಿಕಿತ್ಸೆಯ ಕೊಠಡಿಯಲ್ಲಿ ನಡೆಯುವ ಒಂದು ವಿಚಿತ್ರವನ್ನು ಫ್ರಾಯ್ಡ್ ಗುರುತಿಸಿದ್ದು ಇಂದಿಗೂ ಎಲ್ಲ ಪಂಥದವರಿಗೂ ಪಾಠ. ರೋಗಿ ತನ್ನ ಬದುಕಿನ ಹಳೆಯ ವ್ಯಕ್ತಿಗಳ ಮೇಲಿನ ಭಾವವನ್ನು ವೈದ್ಯನ ಮೇಲೆ ಹೊರಿಸುತ್ತಾನೆ. ವೈದ್ಯ ಒಂದು ವಾರ ರಜೆ ಹಾಕಿದರೆ, ಎಂದೋ ಬಿಟ್ಟುಹೋದ ತಂದೆಯ ಮೇಲಿನ ಸಿಟ್ಟು ಈತನ ಮೇಲೆ ಬೀಳಬಹುದು. ನಮ್ಮಲ್ಲಿ ಇದರ ರೂಪ ಕೊಂಚ ಬೇರೆ. ರೋಗಿ ವೈದ್ಯರನ್ನು ಗುರುವೆಂದೋ ಮನೆಯ ಹಿರಿಯರೆಂದೋ ಭಾವಿಸಿ, ‘ನೀವು ಹೇಳಿದ ಹಾಗೆ ಮಾಡ್ತೇನೆ ಡಾಕ್ಟ್ರೇ’ ಎನ್ನುತ್ತಾನೆ. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲೇ ಗುರು ಶಿಷ್ಯ ಸಂಬಂಧವನ್ನೇ ಭಾರತೀಯ ಚಿಕಿತ್ಸೆಗೆ ಮಾದರಿಯಾಗಿ ಸೂಚಿಸಿದ್ದರು. ಒಳ್ಳೆಯ ಸೂಚನೆಯೇ. ಆದರೆ ‘ಹೂಂ’ ಎಂದು ತಲೆಯಾಡಿಸಿ ಹೋದವರು ಮರಳಿ ಬಾರದಿರುವುದೂ ಇದೇ ಸಂಬಂಧದ ಇನ್ನೊಂದು ಮುಖ ಎಂಬುದನ್ನು ಮರೆಯಬಾರದು.

ಭಾಷೆಯ ಪ್ರಶ್ನೆಯೂ ಚಿಕ್ಕದಲ್ಲ. ತಡೆಯಿಲ್ಲದೆ ಹರಿಯುವ ಮಾತೇ ಈ ಚಿಕಿತ್ಸೆಯ ಬಂಡವಾಳ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪ್ರ ಕನ್ನಡ ಆಡುವವರು ಪುಸ್ತಕದ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ತಮ್ಮ ನಾಚಿಕೆಯನ್ನು ಹೇಳಿಕೊಳ್ಳಬೇಕಾದಾಗ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ. ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ತಿಳಿಯಾಗಿ ಬರೆಯಬಹುದೆಂದು ‘ರಾಶಿ’ ಡಾ. ಎಂ. ಶಿವರಾಂ ತೋರಿಸಿಕೊಟ್ಟಿದ್ದರು. ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೋಟದ ಪುಸ್ತಕ ಹೊರಬಂದ ವರ್ಷವೂ ಅದೇ. ಆದರೆ ಕೋಟದ ಪುಸ್ತಕ ಬರೆದದ್ದು ಇಂಗ್ಲಿಷಿನಲ್ಲಿ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿದೆ. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲ. ಈ ಮಟ್ಟಿಗೆ ಉಡುಪಿ ಜಿಲ್ಲೆಯವರು ಅದೃಷ್ಟವಂತರೇ. 1953ರಲ್ಲಿ ಡಾ. ಟಿ.ಎಂ.ಎ. ಪೈ ಸ್ಥಾಪಿಸಿದ ಮಣಿಪಾಲದ ಕೆಎಂಸಿಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮನಸ್ಸಿನ ಕಾಯಿಲೆ ಹಾಗೂ ಮದ್ಯವ್ಯಸನದ ಚಿಕಿತ್ಸೆಗೆ ಹೆಸರಾಗಿದೆ.

ಯಾರನ್ನು ಕಾಣಬೇಕು ಎಂಬ ಗೊಂದಲವೂ ಸಾಮಾನ್ಯ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಬಂದವರು, ಔಷಧ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಔಷಧ ಕೊಡುವುದಿಲ್ಲ, ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಅವರ ಕ್ಷೇತ್ರ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಅವರನ್ನು ಕೇಳಲು ಸಂಕೋಚಪಡಬೇಕಿಲ್ಲ. ನಿದ್ದೆ, ಹಸಿವು ಕೆಟ್ಟು, ಯಾರಿಗೂ ಕೇಳದ ದನಿಗಳು ಕೇಳಿಸುತ್ತಿದ್ದರೆ ಅಥವಾ ಸಾಯುವ ಮಾತು ಬರುತ್ತಿದ್ದರೆ ಮೊದಲು ಮನೋವೈದ್ಯರನ್ನೇ ಕಾಣಬೇಕು. ಆಸ್ಪತ್ರೆಗೆ ಹೋಗುವುದನ್ನು ಊರವರು ಕಂಡಾರು ಎಂಬ ಅಳುಕಿರುವವರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿಗಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ವೈದ್ಯರೊಡನೆ ಆಡಿದ ಮಾತು ಗುಟ್ಟಾಗಿರಬೇಕೆಂಬ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನೀಡಿದೆ. ಕಾನೂನು ಹೇಳಿದ ಕೆಲವು ಅಪವಾದಗಳನ್ನು ಬಿಟ್ಟರೆ, ರೋಗಿಯ ಒಪ್ಪಿಗೆಯಿಲ್ಲದೆ ಅದನ್ನು ಹೊರಗಿನವರಿಗೆ ತಿಳಿಸುವಂತಿಲ್ಲ.